ಹೆಸರುಂಟು, ಹಕ್ಕಿಯಿಲ್ಲ

ನಮ್ಮ ಮನೆಗೆ ‘ಅನ್ಖಾ’ ಎಂಬ ಪದ ಬಂದದ್ದು ಕಾವ್ಯದಿಂದಲ್ಲ, ಸೀಮೆಎಣ್ಣೆಯಿಂದ. ಅಬ್ಬಾ ಉರ್ದು ಶಾಲೆಯ ಮೇಷ್ಟ್ರು. ತಿಂಗಳಿಗೊಮ್ಮೆ ನ್ಯಾಯಬೆಲೆ ಅಂಗಡಿಯ ಮುಂದೆ ಎರಡು ತಾಸು ಸಾಲಿನಲ್ಲಿ ನಿಂತು, ಖಾಲಿ ಡಬ್ಬ ಹಿಡಿದುಕೊಂಡು ಮನೆಗೆ ಮರಳಿ, ‘ಮಿಟ್ಟೀ ಕಾ ತೇಲ್ ಅನ್ಖಾ ಹೋಗಯಾ’ ಎಂದು ಅಮ್ಮಿಗೆ ಹೇಳುತ್ತಿದ್ದರು. ಸೀಮೆಎಣ್ಣೆ ಅನ್ಖಾ ಆಗಿಬಿಟ್ಟಿದೆ. ಅಂದರೆ ಹೆಸರು ಬೋರ್ಡಿನ ಮೇಲಿದೆ, ದರವೂ ಬರೆದಿದೆ, ವಸ್ತು ಮಾತ್ರ ಕಣ್ಣಿಗೆ ಬೀಳುವುದಿಲ್ಲ.

ಮುಂದೆ ಉರ್ದು ಪಠ್ಯಗಳಲ್ಲಿ ಈ ಪದದ ಮೂಲ ತಿಳಿಯಿತು. ಅನ್ಖಾ ಒಂದು ಹಕ್ಕಿ. ಅರಬಿಯ ‘ಉನುಖ್’, ಅಂದರೆ ಕತ್ತು ಎಂಬ ಮಾತಿನಿಂದ ಬಂದ ಹೆಸರು, ಉದ್ದ ಕತ್ತಿನದು. ಕಾಫ್ ಪರ್ವತದಾಚೆ ಎಲ್ಲೋ ಇದೆ ಎನ್ನುತ್ತಾರೆ, ಕಂಡವರಿಲ್ಲ. ಅದರ ಹೆಸರು ಎಲ್ಲರಿಗೂ ಗೊತ್ತು, ದೇಹ ಯಾರಿಗೂ ಗೊತ್ತಿಲ್ಲ ಎಂಬುದು ಅರಬಿ ಬರಹಗಾರರು ಮತ್ತೆ ಮತ್ತೆ ಹೇಳುವ ಮಾತು. ಉರ್ದು ಕವಿಗಳಿಗಂತೂ ಇದು ಬಹಳ ಪ್ರಿಯವಾದ ಹಕ್ಕಿ. ಕೈಗೆ ಸಿಗದ ಪ್ರೇಯಸಿ, ಮಾತಿಗೆ ಸಿಗದ ಅರ್ಥ, ಊರಿಗೆ ಸಿಗದ ನ್ಯಾಯ, ಎಲ್ಲವೂ ಅವರಿಗೆ ಅನ್ಖಾ.

ಆದ್ದರಿಂದ ಇಂಗ್ಲಿಷಿನ ಒಂದು ನಕ್ಷತ್ರ ನಕಾಶೆಯಲ್ಲಿ ದಕ್ಷಿಣದ ಕಡೆ ‘ಅಂಕಾ’ ಎಂಬ ನಕ್ಷತ್ರವನ್ನು ಕಂಡಾಗ ನನಗಾದ ಸಂತೋಷ ಸಣ್ಣದಲ್ಲ. ನಮ್ಮ ಮನೆಯ ಸೀಮೆಎಣ್ಣೆ ಪದ ಆಕಾಶದಲ್ಲಿ ಕೂತಿತ್ತು! ಕೆಲವು ತಿಂಗಳ ಬಳಿಕ ವಿದ್ಯಾರ್ಥಿಗಳ ಒಂದು ಸಭೆಯಲ್ಲಿ ಮಾತಾಡುವ ಅವಕಾಶ ಬಂತು. ಇಂಥ ಸಭೆಗಳಲ್ಲಿ ನಾವು ಏನು ಮಾತಾಡುತ್ತೇವೆಂದು ಓದುಗರಿಗೆ ಗೊತ್ತೇ ಇದೆ. ಬೀಜಗಣಿತ ನಮ್ಮದು, ಆಸ್ಪತ್ರೆ ನಮ್ಮದು, ಆಕಾಶದ ನಕ್ಷತ್ರಗಳೂ ನಮ್ಮವು. ನಾನು ಒಂದೊಂದೇ ಹೆಸರು ಹೇಳುತ್ತಾ ಹೋದೆ. ಅಲ್ದಬರಾನ್, ರಿಜೆಲ್, ವೇಗಾ, ಅಲ್ತೇರ್, ಡೆನೆಬ್, ಫೊಮಲ್‌ಹಾಟ್. ಕೊನೆಗೆ ದನಿ ಏರಿಸಿ ‘ಅಂಕಾ’ ಎಂದೆ. ಚಪ್ಪಾಳೆ ಬಿತ್ತು. ಮುಂದಿನ ಸಾಲಿನಲ್ಲಿ ಕೂತಿದ್ದ ನಿವೃತ್ತ ಅರಬಿ ಉಸ್ತಾದರೊಬ್ಬರು ಚಪ್ಪಾಳೆ ತಟ್ಟಲಿಲ್ಲ. ಚಹಾದ ಹೊತ್ತಿಗೆ ಹತ್ತಿರ ಕರೆದು, ‘ಬೇಟಾ, ಅನ್ಖಾ ಎಂಬ ನಕ್ಷತ್ರ ಅರಬರ ಯಾವ ಕಿತಾಬಿನಲ್ಲಿದೆ?’ ಎಂದು ಕೇಳಿದರು.

‘ಸೂಫಿಯವರ ಕಿತಾಬಿನಲ್ಲಿರಬೇಕು ಹಜ್ರತ್’ ಎಂದೆ.

‘ಇರಬೇಕು ಅಂತ ಹೇಳಬೇಡ. ನೋಡಿ ಹೇಳು.’

ನೋಡಲು ಹೊರಟೆ. ಮೊದಲು ನಕ್ಷತ್ರವನ್ನೇ ನೋಡುವ ಎಂದುಕೊಂಡೆ. ನವೆಂಬರ್ ಕೊನೆಯ ವಾರ, ರಾತ್ರಿ ಎಂಟರ ಸುಮಾರಿಗೆ ದಕ್ಷಿಣಕ್ಕೆ ಮುಖ ಮಾಡಿ ನಿಂತರೆ ಬಲಕ್ಕೆ, ಸ್ವಲ್ಪ ಮೇಲೆ, ಒಂಟಿಯಾಗಿ ಹೊಳೆಯುವುದು ಫೊಮಲ್‌ಹಾಟ್. ಎಡಕ್ಕೆ, ಕೆಳಗೆ ಹೊಳೆಯುವುದು ಅಖರ್ನಾರ್. ಇವೆರಡರ ನಡುವೆ ತುಸು ಮಂಕಾಗಿ, ತುಸು ಕೇಸರಿ ಬಣ್ಣ ತಾಳಿ ನಿಂತಿರುವುದೇ ಅಂಕಾ. ಬೆಂಗಳೂರಿನಿಂದ ನೋಡಿದರೆ ಕ್ಷಿತಿಜದಿಂದ ಸುಮಾರು 35 ಡಿಗ್ರಿ ಎತ್ತರ. ಕೈ ನೀಡಿ ಮುಷ್ಟಿ ಹಿಡಿದರೆ ಒಂದು ಮುಷ್ಟಿಗೆ ಹತ್ತು ಡಿಗ್ರಿ. ಅಂದರೆ ಮೂರೂವರೆ ಮುಷ್ಟಿ. ಸುತ್ತಲಿನ ‘ಫೀನಿಕ್ಸ್’ ನಕ್ಷತ್ರಪುಂಜದಲ್ಲಿ ಊರ ದೀಪಗಳ ನಡುವೆಯೂ ಸಲೀಸಾಗಿ ಕಾಣುವುದು ಇದೊಂದೇ. ಉಳಿದವು ಹಳ್ಳಿಯ ಕತ್ತಲೆಯನ್ನು ಬೇಡುವಂಥವು.

ಇನ್ನು ಸೂಫಿಯವರ ಕಿತಾಬು. ಅಬ್ದುರ್ರಹ್ಮಾನ್ ಅಸ್ಸೂಫಿ 903ರಲ್ಲಿ ಇರಾನಿನ ರಯ್ಯ್ ಪಟ್ಟಣದಲ್ಲಿ ಹುಟ್ಟಿದವರು. ಬುವೈಹಿ ದೊರೆ ಅದುದುದ್ದೌಲಾನ ಆಸ್ಥಾನದಲ್ಲಿದ್ದುಕೊಂಡು 964ರ ಸುಮಾರಿಗೆ ಸ್ಥಿರ ನಕ್ಷತ್ರಗಳ ಮೇಲೆ ಬರೆದ ಅವರ ಚಿತ್ರಸಹಿತ ಗ್ರಂಥ ಖಗೋಳ ಶಾಸ್ತ್ರದ ಚರಿತ್ರೆಯಲ್ಲಿ ದೊಡ್ಡದು. ಅವರು ಮಾಡಿದ ಕೆಲಸ ಎರಡು ಬಗೆಯದು. ಅಲೆಕ್ಸಾಂಡ್ರಿಯಾದ ಟಾಲೆಮಿ ಎರಡನೆಯ ಶತಮಾನದಲ್ಲಿ ಪಟ್ಟಿ ಮಾಡಿದ್ದ 48 ನಕ್ಷತ್ರಪುಂಜಗಳನ್ನು ಒಂದೊಂದಾಗಿ ಮತ್ತೆ ನೋಡಿ, ಹೊಳಪನ್ನು ತೂಗಿ ತಿದ್ದಿದ್ದು ಒಂದು. ಮರುಭೂಮಿಯ ಅರಬರು ಗ್ರೀಕರ ಗೊಡವೆಯಿಲ್ಲದೆ ಇಟ್ಟುಕೊಂಡಿದ್ದ ಹೆಸರುಗಳನ್ನು ಪ್ರತಿ ಪುಂಜದ ಜೊತೆ ಸೇರಿಸಿದ್ದು ಇನ್ನೊಂದು. ಆ 48ರಲ್ಲಿ ಫೀನಿಕ್ಸ್ ಇಲ್ಲ. ಇರಲು ಸಾಧ್ಯವೂ ಇರಲಿಲ್ಲ. ಟಾಲೆಮಿಯ ಕಾಲದಲ್ಲಿ ಅಲೆಕ್ಸಾಂಡ್ರಿಯಾದಿಂದ ಈ ನಕ್ಷತ್ರ ಕ್ಷಿತಿಜದ ಮೇಲೆ ಹೆಚ್ಚೆಂದರೆ ಆರು ಡಿಗ್ರಿ ಏಳುತ್ತಿತ್ತು. ಧೂಳಿನಲ್ಲಿ ತಲೆಯೆತ್ತಿ ಧೂಳಿನಲ್ಲೇ ಮುಳುಗುತ್ತಿತ್ತು. ಭೂಮಿಯ ಅಕ್ಷ ಬುಗುರಿಯಂತೆ ನಿಧಾನವಾಗಿ ಓಲಾಡುವುದರಿಂದ ಸಾವಿರಾರು ವರ್ಷಗಳಲ್ಲಿ ನಕ್ಷತ್ರಗಳ ಎತ್ತರ ಬದಲಾಗುತ್ತದೆ. ಸೂಫಿಯವರ ಕಾಲಕ್ಕೆ ಶಿರಾಝ್‌ನಿಂದ ಸುಮಾರು ಹನ್ನೆರಡು ಡಿಗ್ರಿ ಎತ್ತರಕ್ಕೆ ಬಂದಿತ್ತು. ಆದರೆ ಹಕ್ಕಿಯಾಗಿ ಅಲ್ಲ.

ಅರಬಿ ಪರಂಪರೆ ಈ ಸಾಲಿನಲ್ಲಿ ಕಂಡದ್ದು ದೋಣಿಯನ್ನು. ಝೌರಖ್, ಅಂದರೆ ಸಣ್ಣ ದೋಣಿ. ಅದರ ಅತಿ ಪ್ರಕಾಶಮಾನ ನಕ್ಷತ್ರಕ್ಕೆ ‘ದೋಣಿಯ ಹೊಳಪು’ ಎಂಬ ಅರ್ಥದ ಹೆಸರು. ಆ ಕಡೆ ಪಕ್ಕದಲ್ಲೇ ಆಕಾಶದ ನದಿಯೊಂದು ಹರಿಯುತ್ತದೆ. ಅಖರ್ನಾರ್ ಎಂದರೆ ‘ಆಖಿರುನ್ನಹ್ರ್’, ನದಿಯ ಕೊನೆ. ನದಿ ಇದ್ದ ಮೇಲೆ ದಡದಲ್ಲಿ ದೋಣಿ ಬೇಡವೆ? ಯೋಚಿಸಿದವನು ಸಂಸಾರಸ್ಥನೇ ಇರಬೇಕು.

ಹಾಗಾದರೆ ಈ ಜಾಗಕ್ಕೆ ಹಕ್ಕಿ ಬಂದದ್ದೆಲ್ಲಿಂದ? ಇದರ ಕಥೆ ಆರಂಭವಾಗುವುದು ಬಾಗ್ದಾದಿನಲ್ಲಲ್ಲ, ಆಮ್‌ಸ್ಟರ್‌ಡ್ಯಾಮ್‌ನಲ್ಲಿ. ಮತ್ತು ವಿಷಯ ನಕ್ಷತ್ರದ್ದಲ್ಲ, ಕಾಳುಮೆಣಸಿನದು.

ಪೆಟ್ರಸ್ ಪ್ಲಾನ್ಸಿಯಸ್ ಎಂಬ ಪಾದ್ರಿ 1585ರಲ್ಲಿ ಬ್ರಸೆಲ್ಸ್ ಸ್ಪೇನಿನವರ ವಶವಾದಾಗ ಅಲ್ಲಿಂದ ಪಾರಾಗಿ ಆಮ್‌ಸ್ಟರ್‌ಡ್ಯಾಮ್ ಸೇರಿದ್ದ. ಚರ್ಚಿನಲ್ಲಿ ಪ್ರವಚನ, ಮನೆಯಲ್ಲಿ ನಕಾಶೆ. ಪೋರ್ಚುಗೀಸರ ಕೈಯಿಂದ ಮೆಣಸಿನ ವ್ಯಾಪಾರ ಕಸಿಯಲು ಡಚ್ಚರು ಹೊರಟಾಗ ಅವರ ನಾವಿಕರಿಗೆ ದಾರಿ ಕಲಿಸಿದವನು ಇವನು. ಆದರೆ ಯುರೋಪಿನ ನಕಾಶೆಗಾರರ ಖಗೋಳದಲ್ಲಿ ದಕ್ಷಿಣ ಧ್ರುವದ ಸುತ್ತ ಒಂದು ದೊಡ್ಡ ಖಾಲಿ ಜಾಗವಿತ್ತು. ಅದನ್ನು ತುಂಬಿಸಿಕೊಂಡು ಬಾ ಎಂದು ಪ್ಲಾನ್ಸಿಯಸ್ ತನ್ನ ಶಿಷ್ಯ ಪೀಟರ್ ಡಿರ್ಕ್‌ಝೂನ್ ಕೈಸರ್ ಎಂಬ ಹಡಗಿನ ಚುಕ್ಕಾಣಿಗಾರನಿಗೆ ಹೇಳಿ ಕಳಿಸಿದ. 1595ರ ಏಪ್ರಿಲ್‌ನಲ್ಲಿ ನಾಲ್ಕು ಹಡಗುಗಳು ಹೊರಟವು. 240ಕ್ಕೂ ಹೆಚ್ಚು ಜನ. ದಾರಿಯಲ್ಲಿ ಸ್ಕರ್ವಿ ರೋಗ ಬಡಿದು ಮಡಗಾಸ್ಕರ್‌ನಲ್ಲಿ ತಿಂಗಳುಗಟ್ಟಲೆ ನಿಲ್ಲಬೇಕಾಯಿತು. ಬಹಳ ಮಂದಿಯನ್ನು ಅಲ್ಲೇ ಹೂಳಿದರು. ಕೈಸರ್ ಬಹುಶಃ ತನ್ನ ಅಳತೆಗಳಲ್ಲಿ ಹೆಚ್ಚಿನವನ್ನು ಮಾಡಿದ್ದು ಆ ದಿನಗಳಲ್ಲೇ. 1596ರಲ್ಲಿ ಜಾವಾದ ಬಾಂತೆನ್ ಸುಲ್ತಾನರ ಬಂದರು ಮುಟ್ಟಿದರು. ಅದೇ ಸೆಪ್ಟೆಂಬರ್‌ನಲ್ಲಿ ಕೈಸರ್ ತೀರಿಕೊಂಡ. ಬಾಂತೆನ್‌ನಲ್ಲಿ ದರದ ಜಗಳ, ಸೆರೆ, ಫಿರಂಗಿ ಎಲ್ಲವೂ ಆಯಿತು. 1597ರ ಆಗಸ್ಟ್‌ನಲ್ಲಿ ಮೂರು ಹಡಗು ಹಿಂದಿರುಗಿದಾಗ ಬದುಕಿ ಬಂದವರು ತೊಂಬತ್ತಕ್ಕಿಂತ ಕಡಿಮೆ. ತಂದ ಮೆಣಸು ಅಷ್ಟಕ್ಕಷ್ಟೇ. ಜೊತೆಗೆ ಸತ್ತವನ ನಕ್ಷತ್ರಗಳ ಲೆಕ್ಕ.

ಪ್ಲಾನ್ಸಿಯಸ್ ಆ ಲೆಕ್ಕವನ್ನು ಹಿಡಿದು ಹನ್ನೆರಡು ಹೊಸ ಪುಂಜಗಳಿರುವ ಗೋಳವೊಂದನ್ನು 1597-98ರ ಸುಮಾರಿಗೆ ಹೊರತಂದ. ನವಿಲು, ಕೊಕ್ಕರೆ, ಹಾರುವ ಮೀನು, ಊಸರವಳ್ಳಿ, ನೀರುಹಾವು, ನೊಣ, ಸ್ವರ್ಗದ ಹಕ್ಕಿ. ಹೆಚ್ಚಿನವು ನಾವಿಕರು ಕಣ್ಣಾರೆ ಕಂಡ, ಕೇಳಿದ ಪೂರ್ವದೇಶದ ಜೀವಿಗಳು. ಇಷ್ಟೊಂದು ನಿಜದ ಪ್ರಾಣಿಗಳ ನಡುವೆ ಯಾರೂ ಕಾಣದ ಹಕ್ಕಿ ಒಂದೇ ಒಂದು: ಫೀನಿಕ್ಸ್. ಗ್ರೀಕರ ಹೆರೊಡೋಟಸ್ ಇದರ ಸುದ್ದಿ ಬರೆದವನು. ತಾನು ಚಿತ್ರದಲ್ಲಿ ಮಾತ್ರ ನೋಡಿದ್ದೇನೆಂದು ಪ್ರಾಮಾಣಿಕವಾಗಿ ಒಪ್ಪಿಕೊಂಡಿದ್ದಾನೆ. 500 ವರ್ಷಕ್ಕೊಮ್ಮೆ ಅರಬಸ್ತಾನದಿಂದ ಈಜಿಪ್ಟಿಗೆ ಹಾರಿ ಬರುತ್ತದಂತೆ.

ಇಲ್ಲಿ ಒಂದು ವಿಚಿತ್ರ ಗಮನಿಸಬೇಕು. ಆಮ್‌ಸ್ಟರ್‌ಡ್ಯಾಮ್‌ನಿಂದ ಈ ನಕ್ಷತ್ರ ಯಾವತ್ತೂ ಕಾಣುವುದಿಲ್ಲ. ಅಲ್ಲಿಯ ಕ್ಷಿತಿಜದ ಕೆಳಗೇ ಸುತ್ತುತ್ತದೆ. ಹಕ್ಕಿಯನ್ನು ಗೋಳದ ಮೇಲೆ ಬರೆದ ಪ್ಲಾನ್ಸಿಯಸ್ ತನ್ನ ಊರಿನ ಮಾಳಿಗೆಯಿಂದ ಅದನ್ನು ನೋಡುವ ಹಾಗಿರಲಿಲ್ಲ. 1603ರಲ್ಲಿ ‘ಉರಾನೊಮೆಟ್ರಿಯಾ’ ಎಂಬ ಹೆಸರಾಂತ ನಕಾಶೆ ಪುಸ್ತಕದಲ್ಲಿ ಅದನ್ನು ಮತ್ತೆ ಅಚ್ಚು ಹಾಕಿಸಿದ ಯೋಹಾನ್ ಬಾಯರ್ ಜರ್ಮನಿಯ ಆಗ್ಸ್‌ಬರ್ಗ್‌ನ ವಕೀಲ. ಅವನ ಊರಿನಿಂದಲೂ ಕಾಣದು. ಕಂಡ ಕೈಸರನ ಹೆಸರು ಜಗತ್ತು ಬಹಳ ಕಾಲ ಮರೆತಿತ್ತು.

ಕಥೆಯ ಎರಡನೇ ಭಾಗ ನನಗೆ ಇನ್ನೂ ಹೆಚ್ಚು ಕಾಡಿದ್ದು. ಮೊದಲ ಯಾನದಲ್ಲಿ ಕೈಸರನ ಜೊತೆಗಿದ್ದವನು ಫ್ರೆಡರಿಕ್ ಡಿ ಹೌಟ್‌ಮನ್. ಅವನ ಅಣ್ಣ ಕಾರ್ನೆಲಿಸ್ ದಂಡನಾಯಕ, ಒರಟು ಮನುಷ್ಯ. 1598ರಲ್ಲಿ ಅಣ್ಣತಮ್ಮ ಮತ್ತೆ ಹೊರಟು ಸುಮಾತ್ರಾದ ಉತ್ತರ ತುದಿಯ ಅಚೆ ಸುಲ್ತಾನರ ರಾಜ್ಯಕ್ಕೆ ಬಂದರು. 1599ರಲ್ಲಿ ಅಲ್ಲಿ ಕಾಳಗವಾಗಿ ಕಾರ್ನೆಲಿಸ್ ಸತ್ತ. ಅವನನ್ನು ಕೊಂದದ್ದು ಅಚೆಯ ನೌಕಾದಳದ ನಾಯಕಿ ಕೆಯುಮಲಹಯಾತಿ ಎಂಬುದು ಇಂಡೋನೇಷ್ಯಾದ ಜನರ ನಂಬಿಕೆ; 2017ರಲ್ಲಿ ಆ ದೇಶ ಆಕೆಗೆ ರಾಷ್ಟ್ರವೀರರ ಗೌರವ ಕೊಟ್ಟಿದೆ. ಮುಸ್ಲಿಂ ಹೆಣ್ಣಿನ ಬಗ್ಗೆ ಸಿದ್ಧ ಅಭಿಪ್ರಾಯ ಇಟ್ಟುಕೊಂಡವರು, ನಮ್ಮೊಳಗಿನವರೂ ಸೇರಿ, ಈ ಹೆಸರನ್ನು ಒಮ್ಮೆ ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಫ್ರೆಡರಿಕ್ ಸೆರೆಸಿಕ್ಕ. ಎರಡು ವರ್ಷಕ್ಕೂ ಮಿಕ್ಕು ಅಚೆಯಲ್ಲಿ ಕೈದಿ. ಇಸ್ಲಾಮಿಗೆ ಬರುವಂತೆ ತನ್ನ ಮೇಲೆ ಒತ್ತಡ ಬಂತೆಂದು ತಾನೇ ಬರೆದಿದ್ದಾನೆ. ಒತ್ತಡ ಹಾಕಿದ್ದು ನಿಜವಾದರೆ ಅದು ತಪ್ಪು. ಧರ್ಮದಲ್ಲಿ ಬಲಾತ್ಕಾರವಿಲ್ಲವೆಂಬುದು ನಾವು ಎಲ್ಲ ಕಡೆ ಹೇಳುವ ಮಾತು, ಅದು ನಮ್ಮ ಸುಲ್ತಾನರಿಗೂ ಅನ್ವಯಿಸಬೇಕು. ಅವನು ಒಪ್ಪಲಿಲ್ಲ. ಆದರೆ ಸುಮ್ಮನೆ ಕೂರಲೂ ಇಲ್ಲ. ಸುತ್ತಲಿನವರಿಂದ ಮಲಯ್ ಕಲಿತ, ರಾತ್ರಿ ನಕ್ಷತ್ರ ಅಳೆದ. 1601ರಲ್ಲಿ ಬಿಡುಗಡೆಯಾಗಿ, 1603ರಲ್ಲಿ ಒಂದು ಪುಸ್ತಕ ಅಚ್ಚು ಹಾಕಿಸಿದ. ಅದು ಖಗೋಳದ ಪುಸ್ತಕವಲ್ಲ, ನಿಘಂಟು! ಮಲಯ್ ಮತ್ತು ಮಡಗಾಸ್ಕರ್ ಭಾಷೆಗಳ ಸಂಭಾಷಣೆ ಮತ್ತು ಪದಕೋಶ. ಹಲವು ಅರಬಿ, ತುರ್ಕಿ ಮಾತುಗಳೂ ಸೇರಿವೆಯೆಂದು ಶೀರ್ಷಿಕೆಯೇ ಹೇಳುತ್ತದೆ. ಅದರ ಕೊನೆಯಲ್ಲಿ, ಬಾಲದಂತೆ, ದಕ್ಷಿಣದ 300ಕ್ಕೂ ಹೆಚ್ಚು ನಕ್ಷತ್ರಗಳ ಪಟ್ಟಿ. ಫೀನಿಕ್ಸ್ ಹಕ್ಕಿಯೂ ಅದರಲ್ಲಿದೆ. ಕೈಸರನ ಹೆಸರು ಎಲ್ಲೂ ಇಲ್ಲ. ಸತ್ತ ಗೆಳೆಯನ ಋಣ ಇಷ್ಟು ಸುಲಭವಾಗಿ ತೀರುತ್ತದೆಯೆ ಎಂದು ಬೇಸರವಾಗುತ್ತದೆ.

ನನ್ನ ಕುತೂಹಲ ಇನ್ನೊಂದು. ಮಲಯ್, ಅರಬಿ, ತುರ್ಕಿ ಮಾತುಗಳನ್ನು ಒಂದೊಂದಾಗಿ ಹೆಕ್ಕಿದ ಮನುಷ್ಯ, ನಕ್ಷತ್ರದ ಪಟ್ಟಿಗೆ ಬಂದಾಗ ಡಚ್ ಹೆಸರುಗಳನ್ನೇ ಬರೆದ. ಅವನ ಸುತ್ತ ಇದ್ದವರು ತಲೆತಲಾಂತರದಿಂದ ಆ ನಕ್ಷತ್ರಗಳ ಕೆಳಗೇ ಹಡಗು ನಡೆಸಿದವರು. ಸ್ಥಳೀಯ ಮಾತು ಇಣುಕುವುದು ಅಪರೂಪ: ಪ್ಲಾನ್ಸಿಯಸ್ ‘ಟೂಕಾನ್’ ಎಂದ ಹಕ್ಕಿಯನ್ನು ಇವನು, ‘ಇಂಡೀಸಿನಲ್ಲಿ ಲಾಂಗ್ ಎಂದು ಕರೆಯುವ ಮ್ಯಾಗ್‌ಪೈ’ ಎಂದು ಬರೆದ. ನಮ್ಮ ಕಾಡಿನ ಮಂಗಟ್ಟೆಯಂಥ ಹಕ್ಕಿಯಿರಬೇಕು. ಸಂತೆಯಲ್ಲಿ ಬಾಯಿ ತೆರೆಯಲು ಬೇಕಾದ ಮಾತುಗಳೆಲ್ಲ ಪುಸ್ತಕದ ಮುಂಭಾಗಕ್ಕೆ ಹೋದವು. ಆಕಾಶಕ್ಕೆ ಅವರ ಮಾತು ಬೇಕೆಂದು ಅವನಿಗೆ ಅನಿಸಲಿಲ್ಲ.

ಅರಬಿ ಸಮುದ್ರದಲ್ಲೂ ದಕ್ಷಿಣದ ಆಕಾಶ ಆಗ ಖಾಲಿಯಾಗಿರಲಿಲ್ಲ. ಹದಿನೈದನೆಯ ಶತಮಾನದ ನಾವಿಕ ಇಬ್ನ್ ಮಾಜಿದ್ ತನ್ನ ಸಮುದ್ರ ಶಾಸ್ತ್ರದ ಗ್ರಂಥಗಳಲ್ಲಿ ದಿಕ್ಕುಗಳನ್ನೇ ನಕ್ಷತ್ರಗಳ ಹೆಸರಿನಿಂದ ಕರೆಯುತ್ತಾನೆ. ಸುಹೈಲ್ ಒಂದು ದಿಕ್ಕು. ನಾವು ಅಗಸ್ತ್ಯ ಎನ್ನುವ ನಕ್ಷತ್ರ. ಸುಲ್ಬಾರ್ ಇನ್ನೊಂದು; ಅಂಕಾದ ನೆರೆಯ ಅಖರ್ನಾರ್. ಎತ್ತರ ಅಳೆಯಲು ಬೆರಳೇ ಮಾಪು. ಒಂದು ‘ಇಸ್ಬಾ’ ಎಂದರೆ ಒಂದು ಬೆರಳಗಲ. ಹೊನ್ನಾವರ, ಭಟ್ಕಳಗಳಿಗೆ ಕುದುರೆ ತುಂಬಿಕೊಂಡು ಬರುತ್ತಿದ್ದ ಹಡಗುಗಳು ನೆಚ್ಚಿಕೊಂಡದ್ದು ಈ ವಿದ್ಯೆಯನ್ನು. ಹದಿನಾಲ್ಕನೆಯ ಶತಮಾನದಲ್ಲಿ ಇಬ್ನ್ ಬತೂತಾ ಹೊನ್ನಾವರದಲ್ಲಿ ಇಳಿದು ಅಲ್ಲಿಯ ಸುಲ್ತಾನ್ ಜಮಾಲುದ್ದೀನನನ್ನು ಕಂಡು ಬರೆದದ್ದನ್ನು ಓದುಗರು ಬಲ್ಲರು. ಇದೇ ಇಬ್ನ್ ಮಾಜಿದ್ ವಾಸ್ಕೋ ಡ ಗಾಮಾನಿಗೆ ದಾರಿ ತೋರಿಸಿದ ಎಂಬ ಕಥೆಯನ್ನೂ ನಾನು ವೇದಿಕೆಯಿಂದ ಹೇಳಿದ್ದುಂಟು. ಇತಿಹಾಸಕಾರರು ಹೆಚ್ಚಿನವರು ಈಗ ಅದನ್ನು ಒಪ್ಪುವುದಿಲ್ಲ. ಆ ಚಪ್ಪಾಳೆಯನ್ನೂ ಹಿಂದಿರುಗಿಸಬೇಕಾಗಿದೆ.

ಆಮೇಲಿನ ದಾರಿ ಚಿಕ್ಕದು. ಫ್ರಾನ್ಸಿನ ಲಕಾಯ್ 1751-52ರಲ್ಲಿ ಆಫ್ರಿಕಾದ ದಕ್ಷಿಣ ತುದಿಯಲ್ಲಿ ಕೂತು ಸುಮಾರು ಹತ್ತು ಸಾವಿರ ನಕ್ಷತ್ರಗಳನ್ನು ಅಳೆದು, ನಮ್ಮ ಈ ನಕ್ಷತ್ರಕ್ಕೆ ‘ಆಲ್ಫಾ ಫೀನಿಸಿಸ್’ ಎಂಬ ಗ್ರೀಕ್ ಅಕ್ಷರದ ಗುರುತು ಕೊಟ್ಟ. ‘ಅಂಕಾ’ ಎಂಬ ಹೆಸರು ಬಂದದ್ದು ಅದಕ್ಕೂ ಬಹಳ ನಂತರ, 1800ರ ಈಚೆಗೆ. ಬಾಗ್ದಾದ್, ಸಮರ್ಕಂದ್, ಟೊಲೆಡೊಗಳಲ್ಲಿ ಯಾವ ಹಸ್ತಪ್ರತಿಯೂ ಇದರ ಹಿಂದಿಲ್ಲ. ಫೀನಿಕ್ಸ್ ಪುಂಜವನ್ನು ಅರಬಿಯಲ್ಲಿ ‘ಅಲ್ ಅನ್ಖಾ’ ಎನ್ನುತ್ತಾರೆ. ಪುಂಜದ ಹೆಸರನ್ನೇ ಎತ್ತಿ ಯಾರೋ ನಕ್ಷತ್ರಕ್ಕೆ ಅಂಟಿಸಿದರು. ಡೆನೆಬ್‌ನ ಕಥೆ ಹಾಗಲ್ಲ. ಟಾಲೆಮಿಯ ಗ್ರಂಥ ಅರಬಿಗೆ ಬಂದು, 1175ರಲ್ಲಿ ಟೊಲೆಡೊದಲ್ಲಿ ಕ್ರೆಮೊನಾದ ಗೆರಾರ್ಡ್ ಅದನ್ನು ಅರಬಿಯಿಂದ ಲ್ಯಾಟಿನ್‌ಗೆ ತಂದಾಗ, ‘ಬಾಲ’ ಎಂಬರ್ಥದ ‘ಝನಬ್’ ಎಂಬ ಸಾದಾ ಮಾತು ಇಂಥ ದಾರಿಗಳಲ್ಲಿ ಸವೆದು ಡೆನೆಬ್ ಆಯಿತು. ಅದಕ್ಕೆ ವಂಶಾವಳಿಯುಂಟು. ಜರ್ಮನಿಯ ಪೌಲ್ ಕುನಿಟ್ಶ್ ಎಂಬ ಅರಬಿ ವಿದ್ವಾಂಸರು ತಮ್ಮ ಜೀವಮಾನವನ್ನೇ ಈ ವಂಶಾವಳಿಗಳನ್ನು ಬಿಡಿಸಲು ಸವೆಸಿದರು. ಅಸಲಿ ಅರಬಿ ಹೆಸರು ಯಾವುದು, ಆಮೇಲೆ ಯುರೋಪಿನವರು ಅರಬಿ ವೇಷ ತೊಡಿಸಿದ್ದು ಯಾವುದು ಎಂದು ಬೇರ್ಪಡಿಸಿದರು. ಅಂಕಾ ಎರಡನೆಯ ಗುಂಪಿನದು. ಅಂದರೆ ನಾನು ವೇದಿಕೆಯಿಂದ ಹೇಳಿದ ಪಟ್ಟಿಯಲ್ಲಿ ದನಿ ಏರಿಸಿದ್ದು ಯಾವ ಹೆಸರಿಗೋ ಅದೊಂದೇ ಖೋಟಾ.

ಖೋಟಾ ಎಂದದ್ದು ತುಸು ಕಟುವಾಯಿತೇನೋ. ಭಾಷಾಂತರ ಎನ್ನೋಣ. ಆದರೆ ಭಾಷಾಂತರವಾಗಿಯೂ ಅದು ಸರಿಯಾಗಿಲ್ಲ. ಬೆಂಕಿಯಲ್ಲಿ ಬೆಂದು ಬೂದಿಯಿಂದೇಳುವ ಹಕ್ಕಿಗೆ ಫಾರ್ಸಿ-ಉರ್ದುವಿನಲ್ಲಿ ಬೇರೆಯೇ ಹೆಸರಿದೆ: ಖಖ್ನುಸ್. ಹನ್ನೆರಡನೆಯ ಶತಮಾನದ ಫರೀದುದ್ದೀನ್ ಅತ್ತಾರ್ ತಮ್ಮ ‘ಮಂತಿಖುತ್ತೈರ್’ ಕಾವ್ಯದಲ್ಲಿ ಅದರ ಕಥೆ ಹೇಳುತ್ತಾರೆ. ಅದರ ಉದ್ದ ಕೊಕ್ಕಿನಲ್ಲಿ ನೂರರಷ್ಟು ತೂತುಗಳು, ಒಂದೊಂದರಿಂದ ಒಂದೊಂದು ಸ್ವರ. ಸಾವಿರ ವರ್ಷ ಬದುಕಿ, ಕೊನೆಗೆ ಸೌದೆ ಒಟ್ಟಿಕೊಂಡು, ಹಾಡುತ್ತಾ, ತನ್ನ ರೆಕ್ಕೆಯ ಬೀಸಿಗೆ ತಾನೇ ಹೊತ್ತಿಕೊಳ್ಳುತ್ತದೆ. ಅದರ ವಾಸ ಹಿಂದೂಸ್ತಾನವಂತೆ! ಅರಬಸ್ತಾನದ ಹಕ್ಕಿಯೆಂದು ಗ್ರೀಕರು ಹೇಳಿದರೆ, ಹಿಂದೂಸ್ತಾನದ್ದೆಂದು ಇರಾನಿನವರು ಹೇಳಿದರು. ಇಂಥ ಹಕ್ಕಿ ಯಾವಾಗಲೂ ಪಕ್ಕದ ಊರಿನದೇ ಆಗಿರುತ್ತದೆ.

ಅನ್ಖಾ ಸಾಯುವುದೂ ಇಲ್ಲ, ಏಳುವುದೂ ಇಲ್ಲ. ಹಳೆಯ ಕಥೆಗಾರರು ಹೇಳುವುದು ಬೇರೆ. ಅದು ಮೊದಲು ಜನರ ನಡುವೆಯೇ ಇತ್ತು. ಹಕ್ಕಿಗಳನ್ನು ತಿಂದು ಮುಗಿಸಿ ಒಂದು ದಿನ ಒಬ್ಬ ಹುಡುಗನನ್ನೂ ಒಬ್ಬ ಹುಡುಗಿಯನ್ನೂ ಎತ್ತಿಕೊಂಡು ಹೋಯಿತು. ಹಂಝಲಾ ಎಂಬ ಪ್ರವಾದಿಯ ದುಆದಿಂದ ಮನುಷ್ಯರ ಕಣ್ಣಿಂದ ಮರೆಯಾಯಿತು. (ಹಂಝಲಾರ ಜನವೆಂದು ಹೇಳಲಾಗುವ ಅಸ್‌ಹಾಬುರ್ರಸ್ಸ್‌ರ ಉಲ್ಲೇಖ ಕುರ್‌ಆನಿನಲ್ಲಿದೆ, ಹಕ್ಕಿಯ ಉಲ್ಲೇಖವಿಲ್ಲ. ಕಥೆಯನ್ನು ಕಥೆಯಾಗಿಯೇ ಇಡೋಣ.) ಸೂಫಿಗಳಿಗೆ ಈ ಮರೆಯಾದ ಹಕ್ಕಿ ಬಹಳ ಬೇಕಾಯಿತು. ಇಬ್ನ್ ಅರಬಿಯವರು ತಮ್ಮ ಒಂದು ಗ್ರಂಥದ ಹೆಸರಿಗೇ ಅದನ್ನು ತೆಗೆದುಕೊಂಡಿದ್ದಾರೆ. ಅದರ ಮೂಲ ಗುಣವೇ ಕಾಣದಿರುವುದು. ನವೆಂಬರ್ ರಾತ್ರಿ ಯಾರು ಬೇಕಾದರೂ ಮಾಳಿಗೆಗೆ ಹೋಗಿ ನೋಡಬಹುದಾದ ಒಂದು ವಸ್ತುವಿಗೆ, ಯಾರೂ ನೋಡಲಾಗದ್ದರ ಹೆಸರನ್ನು ಇಟ್ಟದ್ದು ನಗು ತರಿಸುತ್ತದೆ. ಅಬ್ಬಾ ಇದ್ದಿದ್ದರೆ ಡಬ್ಬ ಕೆಳಗಿಟ್ಟು ನಗುತ್ತಿದ್ದರು.

ಹಾಗೆಂದು ಹೆಸರು ಹೋಗುವುದಿಲ್ಲ. ಹಡಗು ಮತ್ತು ವಿಮಾನ ನಡೆಸುವವರ ಪಂಚಾಂಗದಲ್ಲಿ ದಾರಿ ತಿಳಿಯಲೆಂದು ಆರಿಸಿಟ್ಟ 57 ನಕ್ಷತ್ರಗಳಲ್ಲಿ ಅಂಕಾ ಒಂದು. 2016ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ನಕ್ಷತ್ರಗಳ ಹೆಸರುಗಳನ್ನು ಅಧಿಕೃತಗೊಳಿಸತೊಡಗಿದಾಗ ಅದಕ್ಕೂ ಮೊಹರು ಬಿತ್ತು. ದೋಣಿಯ ಹೊಳಪು ಪುಸ್ತಕದಲ್ಲಿ ಉಳಿಯಿತು, ಹಕ್ಕಿ ನಕಾಶೆಗೆ ಹೋಯಿತು. ಚುಕ್ಕಾಣಿಗಾರನೊಬ್ಬ ಅಳೆದ ನಕ್ಷತ್ರ ಮತ್ತೆ ಚುಕ್ಕಾಣಿಗಾರರ ಪಟ್ಟಿಗೇ ಬಂದು ಸೇರಿದ್ದು ಮಾತ್ರ ನನಗೆ ಸಮಾಧಾನ ಕೊಟ್ಟಿತು.

ನಕ್ಷತ್ರದ ಬಗ್ಗೆಯೂ ನಾಲ್ಕು ಮಾತು ಹೇಳಬೇಕು, ಇಷ್ಟು ಹೊತ್ತು ಹೆಸರಿನ ಜಗಳವನ್ನೇ ಆಡಿದೆ. ನಮ್ಮಿಂದ ಸುಮಾರು 85 ಜ್ಯೋತಿರ್ವರ್ಷ ದೂರ. ಇಂದು ರಾತ್ರಿ ನಮ್ಮ ಕಣ್ಣು ಸೇರುವ ಬೆಳಕು ಅಲ್ಲಿಂದ ಹೊರಟಾಗ ಈ ದೇಶಕ್ಕೆ ಸ್ವಾತಂತ್ರ್ಯ ಬಂದಿರಲಿಲ್ಲ. ಸೂರ್ಯನಿಗಿಂತ ಸುಮಾರು ಹದಿನೈದು ಪಟ್ಟು ಅಗಲ. ಒಡಲಿನಲ್ಲಿದ್ದ ಹೈಡ್ರೋಜನ್ ಉರಿದು ಮುಗಿದ ಮೇಲೆ ನಕ್ಷತ್ರಗಳು ಹೀಗೆ ಉಬ್ಬುತ್ತವೆ. ಮೈ ಹಿಗ್ಗಿದಂತೆ ಮೇಲ್ಮೈಯ ಕಾವು ಇಳಿಯುತ್ತದೆ. ಆ ಕಾವಿಳಿದ ಬಣ್ಣವೇ ನಮಗೆ ಕಾಣುವ ಕೇಸರಿ. ಒಲೆಯ ಕೆಂಡ ಬಿಳಿಯಿಂದ ಹಳದಿಗೆ, ಹಳದಿಯಿಂದ ಕೆಂಪಿಗೆ ಇಳಿಯುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮುಂದೆ ಹೊರಪದರಗಳನ್ನು ಕಳಚಿಕೊಂಡು ‘ಶ್ವೇತ ಕುಬ್ಜ’ ಎಂಬ ಸಣ್ಣ ಬಿಳಿ ಬೂದಿಯುಂಡೆಯಾಗುತ್ತದೆ. ಆ ಬೂದಿಯಿಂದ ಅದು ಮತ್ತೆ ಏಳುವುದಿಲ್ಲ. ಫೀನಿಕ್ಸ್ ಎಂಬ ಹೆಸರೂ ಹಾಗಾಗಿ ಅಷ್ಟು ಸಲ್ಲದು. ಇನ್ನೊಂದು ಸಂಗತಿ: ಅದು ಒಂಟಿಯಲ್ಲ. ಅದರ ಬೆಳಕಿನ ಓಲಾಟದಿಂದ, ಹತ್ತೂವರೆ ವರ್ಷಕ್ಕೊಂದು ಸುತ್ತು ಹಾಕುವ ಸಂಗಾತಿಯೊಂದಿದೆಯೆಂದು ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ನಮ್ಮ ಕಣ್ಣಿಗೆ ಅದು ಕಾಣದು. ಅನ್ಖಾ ಎಂಬ ಹೆಸರನ್ನು ಕೊಡಲೇಬೇಕಿದ್ದರೆ ಅದಕ್ಕೆ ಕೊಡಬಹುದಿತ್ತು.

ಮುಂದಿನ ವರ್ಷದ ನವೆಂಬರ್‌ನಲ್ಲಿ ಉಸ್ತಾದರ ಮನೆಗೆ ಹೋದೆ. ಕಂಡದ್ದನ್ನೆಲ್ಲ ಹೇಳಿದೆ. ಸೂಫಿಯವರ ಕಿತಾಬಿನಲ್ಲಿ ಅನ್ಖಾ ಇಲ್ಲವೆಂದೆ, ದೋಣಿಯ ಕಥೆ ಹೇಳಿದೆ, ಅಚೆಯ ಕೈದಿಯ ನಿಘಂಟಿನ ಕಥೆ ಹೇಳಿದೆ. ಅವರಿಗೆ ಹೆಚ್ಚು ಹಿಡಿಸಿದ್ದು ನಿಘಂಟು. ‘ಕೈದಿಗೆ ಮಾತು ಕಲಿಸಿದವರು ಯಾರಂತೆ?’ ಎಂದು ಎರಡು ಸಲ ಕೇಳಿದರು. ಅವರ ಹೆಸರು ನನ್ನ ಬಳಿ ಇರಲಿಲ್ಲ. ಇಶಾ ನಮಾಝ್ ಮುಗಿಸಿ ಮಾಳಿಗೆ ಹತ್ತಿದೆವು. ದಕ್ಷಿಣಕ್ಕೆ ಪಕ್ಕದ ಮನೆಯವರ ನೀರಿನ ಟ್ಯಾಂಕು ಅಡ್ಡ ಬರುತ್ತಿತ್ತು. ಮೂಲೆಗೆ ಸರಿದು ನಿಂತರೆ ನಕ್ಷತ್ರ ಸಿಗುತ್ತಿತ್ತು. ನಾನು ಬೆರಳು ಮಾಡಿ ತೋರಿಸಿದೆ. ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ನಿಗೆ ಇನ್ನೂ ತಾರೀಖು ಸಿಕ್ಕಿರಲಿಲ್ಲ.

‘ಎಷ್ಟು ಎತ್ತರ ಅಂದೆ?’ ಎಂದು ಕೇಳಿದರು.

‘ಮೂರೂವರೆ ಮುಷ್ಟಿ ಹಜ್ರತ್.’

ಅವರು ಕೋಲನ್ನು ಗೋಡೆಗೆ ಒರಗಿಸಿ, ತೋಳು ನೀಡಿ, ಮುಷ್ಟಿಯ ಮೇಲೆ ಮುಷ್ಟಿಯಿಟ್ಟು ಎಣಿಸತೊಡಗಿದರು.